ಬಿಳಿ ಪ್ಲೇಯರಿನಲ್ಲಿ ಉಳಿದ ಚಾಚಿಯ ಹಾಡು

ವಾಸ್ಕೋದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಅಂಗಡಿ ಇತ್ತು. ಮುಂದಿನ ಗಾಜಿನ ಕಪಾಟಿನಲ್ಲಿ ಕ್ಯಾಸೆಟ್ಟು, ಸೀಡಿಗಳು. ಹಿಂದೆ ಒಂದು ಮೇಜಿನ ಮೇಲೆ ಎರಡು ಕಂಪ್ಯೂಟರು. ಹನ್ನೆರಡನೆಯ ತರಗತಿ ಮುಗಿಸಿದ ಮೇಲೆ ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಜನ ತಂದುಕೊಡುವ ಪ್ಲೇಯರುಗಳಿಗೆ ಹಾಡು ತುಂಬಿಕೊಡುವುದು ನನ್ನ ಕೆಲಸ. ಬೆಳಿಗ್ಗೆ ಹೋಗಿ ಕಂಪ್ಯೂಟರಿನ ಮೇಲೆ ಹೊದಿಸಿದ ಬಟ್ಟೆ ತೆಗೆದು ಕೂತರೆ ಸಂಜೆಯ ತನಕ ಅದೇ. ಹಿಂದಿ, ಕೊಂಕಣಿ, ಮರಾಠಿ, ಕನ್ನಡ, ತೆಲುಗು, ಬಂದವರು ಯಾವ ಭಾಷೆಯವರೋ ಆ ಭಾಷೆಯದು. ಅಂಗಡಿಯ ಮಾಲಕರನ್ನು ಎಲ್ಲರೂ ಪಾತ್ರಾಂವ್ ಎನ್ನುತ್ತಿದ್ದರು. ಗೋವಾದಲ್ಲಿ ಯಜಮಾನನಿಗೆ ಹಾಗೆ ಅನ್ನುವುದು ರೂಢಿ. ಒಳ್ಳೆಯ ಮನುಷ್ಯ. ಮಾತು ಕಡಿಮೆ, ಮಧ್ಯಾಹ್ನದ ನಿದ್ದೆ ಹೆಚ್ಚು.

ಬಾಯ್ನಾದಲ್ಲಿದ್ದ ನಮ್ಮ ಮನೆಯನ್ನು ಸರಕಾರದವರು ಕೆಡವಿ ಆಗ ಒಂದು ವರ್ಷವಾಗಿತ್ತು. ಸಮುದ್ರದ ದಂಡೆಯ ಆ ಸಾಲಿನಲ್ಲೇ ನಾನು ಹುಟ್ಟಿದ್ದು. ಅಪ್ಪ ವಿಜಾಪುರದ ಕಡೆಯಿಂದ ಬಂದು ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದ, ಅವ್ವ ಪಾತ್ರೆ ತಿಕ್ಕುವ ಕೆಲಸಕ್ಕೆ ಹೋಗುತ್ತಿದ್ದಳು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಚಾಚಾನದು. ಅವರೂ ನಮ್ಮ ಕಡೆಯವರೇ, ಇಂಡಿ ತಾಲ್ಲೂಕಿನವರು. ಅದಿರಿನ ಲಾರಿ ಓಡಿಸುತ್ತಿದ್ದರು. ಮನೆಗಳು ಬಿದ್ದ ಮೇಲೆ ಎರಡೂ ಸಂಸಾರ ಮಂಗೋರ್ ಹಿಲ್ ಹತ್ತಿದೆವು. ಅಲ್ಲಿ ಗೋಡೆಗೆ ಗೋಡೆ ಹತ್ತಲಿಲ್ಲ, ಆದರೆ ಒಂದೇ ಮೆಟ್ಟಿಲಸಾಲಿನ ಮೇಲೆ ಕೆಳಗೆ ಖೋಲಿಗಳು ಸಿಕ್ಕವು. ಚಾಚಿ ಮೇಲಿನಿಂದ ಕರೆದರೆ ಅವ್ವ ಕೆಳಗಿನಿಂದ ಓ ಅನ್ನಬಹುದಿತ್ತು.

ಚಾಚಿಗೆ ಮನೆಯೊಳಗಿನ ಮಾತು ಉರ್ದು, ಹಾಡು ಮಾತ್ರ ಕನ್ನಡ. ಬೀಸುವ ಹಾಡು, ತೊಟ್ಟಿಲ ಹಾಡು, ಮದುವೆಯ ಹಾಡು, ಮೊಹರಮ್ಮಿನ ಹಾಡು ಎಲ್ಲ ಅವರ ತವರಿನಿಂದ ಬಂದಿದ್ದವು. ಬಾಯ್ನಾದಲ್ಲಿ ಯಾರ ಮನೆಯಲ್ಲಿ ಅರಿಶಿನ ಹಚ್ಚುವುದಿದ್ದರೂ ಅವರನ್ನು ಕರೆಯುತ್ತಿದ್ದರು. ಹಿಂದೂಗಳ ಮನೆ, ಮುಸಲ್ಮಾನರ ಮನೆ ಎಂದೇನೂ ಇರಲಿಲ್ಲ. ದನಿ ಇಂಪಾಗಿತ್ತು ಎಂದು ನಾನು ಹೇಳಲಾರೆ. ಸ್ವಲ್ಪ ಒರಟು, ಅಗಲವಾದ ದನಿ. ಗಾಳಿ ಜೋರಾಗಿ ಬೀಸುವ ದಿನವೂ ಹತ್ತು ಮನೆ ದಾಟಿ ಕೇಳಿಸುತ್ತಿತ್ತು.

ಮಂಗೋರ್ ಹಿಲ್‌ಗೆ ಬಂದ ಎರಡನೆಯ ವರ್ಷ ಚಾಚಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಕಾಲಿನ ಗಾಯ ಮಾಯಲಿಲ್ಲ, ಆಮೇಲೆ ಜ್ವರ ಇಳಿಯಲಿಲ್ಲ. ಅವರ ಮಗ ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಆಗ ಎಲ್ಲೋ ದೂರದ ಸಮುದ್ರದಲ್ಲಿದ್ದವನಿಗೆ ತಾಯಿಯ ಮಣ್ಣಿಗೆ ಬರಲಾಗಲಿಲ್ಲ. ತಿಂಗಳುಗಳ ಮೇಲೆ ಬಂದವನು ಚಾಚಾನ ಕೈಗೆ ಒಂದು ಬಿಳಿ ಪ್ಲೇಯರು ಕೊಟ್ಟ. ಅಂಗೈಯಷ್ಟು ಅಗಲ, ನಡುವೆ ಒಂದು ಗುಂಡನೆಯ ಚಕ್ರ, ಹಿಂಬದಿಯಲ್ಲಿ ಮುಖ ಕಾಣುವಷ್ಟು ಹೊಳಪು.

ಅದರೊಳಗೆ ಚಾಚಿಯ ಹಾಡುಗಳಿದ್ದವು. ಅವು ಅಲ್ಲಿಗೆ ಬಂದ ದಾರಿ ಹೀಗೆ. ಬಾಯ್ನಾದಲ್ಲಿದ್ದಾಗ ಚಾಚಾನ ಟೇಪ್ ರೆಕಾರ್ಡರಿನಲ್ಲಿ ಮಗ ಒಂದು ಸಂಜೆ ತಾಯಿಯ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿದ್ದ. ಹಡಗಿಗೆ ಹೋಗುವಾಗ ಅದನ್ನು ಜೊತೆಗೆ ಒಯ್ದಿದ್ದ. ಹಡಗಿನಲ್ಲಿ ಅವನ ಕೋಣೆಯಲ್ಲಿದ್ದ ಇನ್ನೊಬ್ಬ ಖಲಾಸಿ ತನ್ನ ಲ್ಯಾಪ್‌ಟಾಪಿನಲ್ಲಿ ಆ ಕ್ಯಾಸೆಟ್ಟಿನಿಂದ ಹಾಡುಗಳನ್ನು ಇಳಿಸಿ ಈ ಬಿಳಿ ಪ್ಲೇಯರಿಗೆ ಹಾಕಿಕೊಟ್ಟ. ಅದಾಗಿ ಸ್ವಲ್ಪ ದಿನಕ್ಕೆ ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡು ಹರಿದುಹೋಯಿತು. ಹೀಗೆ ಚಾಚಿಯ ದನಿ ಈ ಲೋಕದಲ್ಲಿ ಉಳಿದದ್ದು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ.

ಈ ಪ್ಲೇಯರುಗಳ ಸ್ವಭಾವ ನನಗೆ ಅಷ್ಟರಲ್ಲಿ ಗೊತ್ತಾಗಿತ್ತು. ನಮ್ಮ ಅಂಗಡಿಗೆ ಮೂರು ಜಾತಿಯವು ಬರುತ್ತಿದ್ದವು.

ಚೀನಾದ್ದು ಎಲ್ಲಕ್ಕಿಂತ ಹೆಚ್ಚು. ಬೆಂಕಿಪೊಟ್ಟಣದಷ್ಟು ಇರುತ್ತಿತ್ತು, ಪೆನ್ಸಿಲ್ ಸೆಲ್ ಹಾಕಬೇಕು. ಕಂಪ್ಯೂಟರಿಗೆ ಚುಚ್ಚಿದರೆ ಏನನ್ನೂ ಕೇಳದೆ ಬಾಗಿಲು ತೆರೆಯುತ್ತಿತ್ತು. ಯಾವ ಹಾಡು ಹಾಕು, ಯಾವ ಹಾಡು ತೆಗೆ, ಯಾರ ಕಂಪ್ಯೂಟರಾದರೂ ಆಗಲಿ, ಅದಕ್ಕೆ ಎಲ್ಲ ಒಂದೇ. ಕನ್ನಡದ ಹೆಸರುಗಳು ಅದರ ಪುಟ್ಟ ಪರದೆಯಲ್ಲಿ ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಬಂದರಿನ ಹುಡುಗರು, ಗಾರೆ ಕೆಲಸದವರು ಅದನ್ನೇ ಕೊಳ್ಳುತ್ತಿದ್ದರು. ಒಂದು ಮಳೆಗಾಲ ಬಾಳಿದರೆ ದೊಡ್ಡದು. ಗುಂಡಿ ಉದುರುತ್ತಿತ್ತು, ಮುಚ್ಚಳಕ್ಕೆ ರಬ್ಬರು ಸುತ್ತಿಕೊಂಡು ಬರುತ್ತಿದ್ದರು.

ಜಪಾನಿನದು ಅಪರೂಪ. ಕೊರ್ಲಿಮ್‌ನ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು, ಧಾರವಾಡದ ಕಡೆಯವರು, ಸಪೂರವಾದ ಬೆಳ್ಳಿ ಬಣ್ಣದ್ದೊಂದನ್ನು ತರುತ್ತಿದ್ದರು. ಅದರ ದನಿ ಬಹಳ ಚೆನ್ನಾಗಿತ್ತು. ಆದರೆ ಹಾಡನ್ನು ನೇರವಾಗಿ ಒಳಗೆ ಬಿಡುತ್ತಿರಲಿಲ್ಲ. ಅದರದೇ ಒಂದು ಪ್ರೋಗ್ರಾಮು ಹಾಡನ್ನು ತನ್ನ ಭಾಷೆಗೆ ತಿರುಗಿಸಿಕೊಂಡು ಬೀಗ ಹಾಕಿ ಕಳಿಸುತ್ತಿತ್ತು. ಹಾಗೆ ಕಳಿಸಿದ ಹಾಡು ಬೇರೆ ಯಾವ ಯಂತ್ರದಲ್ಲೂ ನುಡಿಯುತ್ತಿರಲಿಲ್ಲ. ಅವರು ಮನೆಯ ಕಂಪ್ಯೂಟರ್ ಕೆಟ್ಟು ಹೊಸದಾಗಿ ಎಲ್ಲ ಹಾಕಿಸಿದ ಮೇಲೆ ಪ್ಲೇಯರಿನೊಳಗಿನ ಹಾಡುಗಳನ್ನು ವಾಪಸ್ ತೆಗೆಯಲು ನಮ್ಮಲ್ಲಿಗೆ ಬಂದರು. ಆಗಲಿಲ್ಲ. "ರೊಕ್ಕಾ ಕೊಟ್ಟು ತೊಗೊಂಡ ಸೀಡಿ ಹಾಡ್ರಿ ಇವು, ಕದ್ದಿದ್ದಲ್ಲ" ಎಂದು ಎರಡೆರಡು ಸಲ ಅಂದರು, ನಾನು ನಂಬುವುದಿಲ್ಲವೇನೋ ಎಂಬಂತೆ.

ಬಿಳಿಯದನ್ನು ಹಡಗಿನವರು ತರುತ್ತಿದ್ದರು. ನೋಡಲು ಅಷ್ಟು ಚೆಂದದ ವಸ್ತು ಬೇರೆ ಇರಲಿಲ್ಲ. ಅದು ಮೊದಲ ಸಲ ಯಾವ ಕಂಪ್ಯೂಟರಿಗೆ ಸೇರಿತೋ ಅದಕ್ಕೇ ನಿಷ್ಠೆ. ಇನ್ನೊಂದಕ್ಕೆ ಚುಚ್ಚಿದರೆ ಒಂದು ಪ್ರಶ್ನೆ ಬರುತ್ತಿತ್ತು: ಈ ಪ್ಲೇಯರು ಬೇರೆ ಕಂಪ್ಯೂಟರಿಗೆ ಸೇರಿದ್ದು, ಇದರಲ್ಲಿರುವುದನ್ನೆಲ್ಲ ಅಳಿಸಿ ಈ ಕಂಪ್ಯೂಟರಿಗೆ ಜೋಡಿಸಲೇ? ಒಂದು ದಿನ ರಜೆಗೆ ಬಂದ ಖಲಾಸಿಯೊಬ್ಬ ನಾನು ಬೇರೆಯವರ ಹತ್ತಿರ ಮಾತಾಡುತ್ತಿರುವಾಗ ತಾನೇ ಮೌಸ್ ಎಳೆದುಕೊಂಡು ಹೂಂ ಎಂದು ಒತ್ತಿಬಿಟ್ಟ. ಒಂದಿಡೀ ವರ್ಷ ಬಂದರು ಬಂದರುಗಳಲ್ಲಿ ಕೂಡಿಸಿದ ಹಾಡುಗಳು ಒಂದು ನಿಮಿಷದಲ್ಲಿ ಹೋದವು. ಅವನು ಯಾರನ್ನೂ ಬೈಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ಬೀಡಿ ಸೇದಿ ಎದ್ದುಹೋದ.

ಆ ಬೀಗಗಳು ಯಾರನ್ನು ತಡೆಯಲು ಎಂದು ನನಗೆ ಗೊತ್ತಿತ್ತು. ನಮ್ಮಂಥ ಅಂಗಡಿಗಳನ್ನೇ. ಒಂದು ಸೀಡಿ ತಂದು ಊರಿಗೆಲ್ಲ ಹಂಚುತ್ತಿದ್ದವರು ನಾವು. ಹಾಗಾಗಿ ಆ ಪ್ರಶ್ನೆ ಪರದೆಯ ಮೇಲೆ ಬಂದಾಗೆಲ್ಲ ನನಗೆ ಸಿಟ್ಟು ಬರುತ್ತಿರಲಿಲ್ಲ, ಒಂದು ತರಹದ ಅಳುಕು ಆಗುತ್ತಿತ್ತು.

ಚಾಚಾನ ಮಗಳ ಮದುವೆ ಗದಗಿನ ಕಡೆ ಗೊತ್ತಾಯಿತು. ಅವಳು ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು, ವಾಸ್ಕೋದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಇಬ್ಬರೂ ಕೆಲಸ ಬಿಟ್ಟು ಮಂಗೋರ್ ಹಿಲ್ ಏರುವಾಗ ಅವಳು ಹೇಳಿದಳು: "ನನಗ ಹಳದಿ ಹಚ್ಚೂ ದಿವಸ ಅಮ್ಮೀದು ಹಾಡು ಹಚ್ಚಬೇಕಂತ ಐತಿ. ಆಮ್ಯಾಲೆ ಗದಗಿಗೆ ಹೋಗೂ ಮುಂದ ನನಕೂಡ ಒಯ್ಯಬೇಕು. ಅಬ್ಬಾನ ಪ್ಲೇಯರ್ ಕೇಳಾಕ ನನಗ ಬಾಯಿ ಬರೂದಿಲ್ಲ. ಅಂವಂಗೇನು ಉಳೀತದ ಮತ್ತ?"

"ಇನ್ನೊಂದರಾಗ ಹಾಕಿ ಕೊಟ್ರ ಆತು. ನಾಳೆ ಚಾಚಾಗ ಅಂಗಡಿಗೆ ಬರಾಕ ಹೇಳು" ಎಂದೆ. ಹೇಳಿಬಿಟ್ಟ ಮೇಲೆ ಆ ಪ್ರಶ್ನೆ ನೆನಪಾಯಿತು.

ಚಾಚಾ ಮಾರನೆಯ ದಿನ ಅದಿರಿನ ಕೆಂಪು ಧೂಳು ಹತ್ತಿದ ಅಂಗಿಯಲ್ಲೇ ಬಂದರು. ಪ್ಲೇಯರನ್ನು ಕರವಸ್ತ್ರದಿಂದ ಬಿಚ್ಚಿ ಮೇಜಿನ ಮೇಲಿಟ್ಟರು. "ಬ್ಯಾಟರಿ ನಿಂದ್ರವಲ್ದು ಬೇಟಿ. ಮೊದ್ಲ ದಿನಗಟ್ಲೆ ನಡೀತಿತ್ತು. ಈಗ ಚಾರ್ಜರ್ ತೆಗದ್ರ ಒಂದು ಹಾಡೂ ಮುಗ್ಯಾಂಗಿಲ್ಲ" ಎಂದರು.

ನಾನು ಅದನ್ನು ತಿರುಗಿಸಿ ನೋಡಿದೆ. ಸೆಲ್ ಹಾಕುವ ಮುಚ್ಚಳವಿಲ್ಲ, ಒಂದು ತಿರುಪು ಕೂಡ ಇಲ್ಲ. ಚೀನಾದ್ದಾಗಿದ್ದರೆ ಪಕ್ಕದ ಅಂಗಡಿಯಿಂದ ಸೆಲ್ ತಂದು ಹಾಕಬಹುದಿತ್ತು. ಇದನ್ನು ಮಾಡಿದವರು ನಾವು ಒಳಗೆ ಕೈ ಹಾಕುವುದೇ ಬೇಡ ಎಂದು ನಿರ್ಧರಿಸಿದ್ದರು.

ಕಂಪ್ಯೂಟರಿಗೆ ಚುಚ್ಚಿದೆ. ಪ್ರಶ್ನೆ ಬಂತು. ಚಾಚಾ ಪರದೆಯತ್ತ ಬಗ್ಗಿ, "ಏನಂತೈತದು?" ಎಂದು ಕೇಳಿದರು.

"ಬ್ಯಾರೆ ಕಂಪ್ಯೂಟರಿಂದು ಅಂತೈತ್ರಿ. ಇಲ್ಲಿ ಸೇರಿಸಿಕೋಬೇಕಂದ್ರ ಒಳಗಿಂದೆಲ್ಲ ಅಳಿಸ್ತೇನಿ ಅಂತೈತಿ."

"ಯಾಕ? ನನ್ನ ಮಗ ತಂದಿದ್ದಲ್ಲೇನದು?"

"ತಂದಿದ್ದು ಖರೇ ರೀ."

"ಹಾಡಿದಾಕಿ ನನ್ನ ಹೇಣ್ತಿ."

ಚಾಚಾನ ದನಿಯಲ್ಲಿ ಜಗಳವಿರಲಿಲ್ಲ. ಯಾರೋ ಒಬ್ಬ ಅಧಿಕಾರಿಗೆ ಸಾವಕಾಶವಾಗಿ ವಿಷಯ ತಿಳಿಸಿ ಹೇಳಿದರೆ ಅವನಿಗೆ ಅರ್ಥವಾದೀತು ಎಂಬಂತೆ ಮಾತಾಡುತ್ತಿದ್ದರು. ಬಾಯ್ನಾದಲ್ಲಿ ಮನೆ ಕೆಡವುವ ಯಂತ್ರಗಳು ಬಂದ ದಿನವೂ ಅವರು ಹೀಗೇ ಮಾತಾಡಿದ್ದನ್ನು ನಾನು ಕಂಡಿದ್ದೆ.

ಪಾತ್ರಾಂವ್ ಎದ್ದು ಬಂದು ನೋಡಿದರು. ಕಂಪ್ಯೂಟರಿನಲ್ಲಿ ಪ್ಲೇಯರಿನ ಫೋಲ್ಡರನ್ನು ತೆರೆದು ನೋಡಿದೆವು, ಒಳಗೆ ಹಾಡಿನ ಹೆಸರೊಂದೂ ಕಾಣಲಿಲ್ಲ. "ಜಾವ್ಚೆಂ ನಾ" ಎಂದರು ಅವರು ಕೊಂಕಣಿಯಲ್ಲಿ. ಆಗುವುದಿಲ್ಲ ಎಂದು. ಅಂತರ್ಜಾಲದಲ್ಲಿ ಇದಕ್ಕೆಲ್ಲ ಕಳ್ಳದಾರಿ ಸಿಗುತ್ತದಂತೆ, ಆದರೆ ಒಮ್ಮೆ ತಪ್ಪಿದರೆ ಮುಗಿಯಿತು, ತಾವಾದರೆ ಕೈ ಹಾಕುವುದಿಲ್ಲ ಎಂದೂ ಹೇಳಿದರು. ನಾನು ಬೇಡ ಎಂಬುದನ್ನೇ ಒತ್ತಿ ಪ್ಲೇಯರನ್ನು ಹೊರಗೆಳೆದೆ.

ಮಗನನ್ನು ಕೇಳೋಣ ಎಂದಾಯಿತು. ಹಡಗಿನಿಂದ ಅವನ ಫೋನು ಬಂದಾಗ ಅವನ ತಂಗಿ ಕೇಳಿದಳು. ಆ ಲ್ಯಾಪ್‌ಟಾಪಿನ ಖಲಾಸಿ ಹಡಗು ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಅವನು ಯಾವ ದೇಶದ ಯಾವ ಊರಿನವನೆಂಬುದೂ ಇವನಿಗೆ ಸರಿಯಾಗಿ ತಿಳಿಯದು. ಕಂಪನಿಯವರ ಅಂಗಡಿಗೆ ಕೊಟ್ಟರೆ ಹಳೆಯದರ ಬದಲು ಹೊಸ ಪ್ಲೇಯರನ್ನೇ ಕೊಡುತ್ತಾರಂತೆ, ಆದರೆ ಒಳಗಿನ ಹಾಡಿಗೆ ಅವರು ಜವಾಬ್ದಾರರಲ್ಲವಂತೆ ಎಂದು ಅವನು ಹೇಳಿದ. ಕೊನೆಗೆ, "ಅಬ್ಬಾಗ ಹೇಳು, ಅದನ್ನ ಯಾವುದಕ್ಕೂ ಚುಚ್ಚಬ್ಯಾಡ ಅಂತ" ಎಂದನಂತೆ.

ನನಗೆ ದಾರಿ ಹೊಳೆದದ್ದು ಅಂಗಡಿಯಲ್ಲಲ್ಲ, ಮನೆಯ ಮೆಟ್ಟಿಲ ಮೇಲೆ. ಸಂಜೆ ಚಾಚಾ ತಮ್ಮ ಬಾಗಿಲಲ್ಲಿ ಕೂತಿದ್ದರು. ಚಾರ್ಜರಿನ ವೈರು ಒಳಗಿನಿಂದ ಹೊರಗೆ ಬಂದಿತ್ತು. ಒಂದೇ ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದರು. ಎರಡೂ ಕಿವಿಗೆ ಹಾಕಿಕೊಂಡರೆ ಯಾರಾದರೂ ಕರೆದದ್ದು ಕೇಳಿಸುವುದಿಲ್ಲ ಅನ್ನುತ್ತಿದ್ದರು. ಬಿಟ್ಟ ಇನ್ನೊಂದು ತುದಿ ಎದೆಯ ಮೇಲೆ ಜೋತಾಡುತ್ತಿತ್ತು, ಅದರಿಂದ ಸಣ್ಣಗೆ ಚಾಚಿಯ ದನಿ ಬರುತ್ತಿತ್ತು. ಕಿವಿಗೆ ಬರುವುದನ್ನು ಇದು ತಡೆದಿಲ್ಲವಲ್ಲ ಎಂದುಕೊಂಡೆ. ತಡೆಯುವ ಹಾಗೂ ಇಲ್ಲ. ಕಿವಿಗೆ ಬರುವುದನ್ನೇ ಹಿಡಿದರಾಯಿತು.

ರೇಡಿಯೋ ರಿಪೇರಿಯವನಲ್ಲಿ ಎರಡೂ ಕಡೆ ಪಿನ್ ಇರುವ ಒಂದು ವೈರು ಮಾಡಿಸಿದೆ. ಒಂದು ತುದಿ ಬಿಳಿ ಪ್ಲೇಯರಿನ ಕಿವಿಯ ತೂತಿಗೆ, ಇನ್ನೊಂದು ಕಂಪ್ಯೂಟರಿನ ಹಿಂದೆ ಮೈಕಿಗೆ ಇರುವ ತೂತಿಗೆ. ಅಲ್ಲಿ ಹಾಡು ನಡೆದಂತೆ ಇಲ್ಲಿ ರೆಕಾರ್ಡ್ ಆಗಬೇಕು. ನಕಲು ಮಾಡುವುದು ಕ್ಷಣದ ಕೆಲಸ, ಇದು ಹಾಗಲ್ಲ. ಹಾಡು ಎಷ್ಟು ಹೊತ್ತಿನದೋ ಅಷ್ಟು ಹೊತ್ತು ಕೂತು ಕೇಳಬೇಕು. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುವಾಗ ಮಾಡಿಕೊಳ್ಳಲು ಪಾತ್ರಾಂವ್ ಚಾವಿ ಕೊಟ್ಟರು. "ಕಳ್ಳತನ ಅಲ್ಲದ ಕೆಲಸ ಈ ಕಂಪ್ಯೂಟರಿನಲ್ಲಿ ಇದೇ ಮೊದಲು" ಎಂದು ಹಿಂದಿಯಲ್ಲಿ ಹೇಳಿದರು. ನಗಲಿಲ್ಲ.

ಜೂನ್ ತಿಂಗಳು. ಹೊರಗೆ ಮಳೆ ಹಿಡಿದಿತ್ತು. ಚಾಚಾ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಗೋಡೆಯ ಚಾರ್ಜರಿಗೆ ಪ್ಲೇಯರು ಸಿಕ್ಕಿಸಿ, ವೈರು ಜೋಡಿಸಿ, ಸ್ಪೀಕರಿನ ದನಿ ಸಣ್ಣಗೆ ಇಟ್ಟೆ. ಮೊದಲನೆಯದು ಬೀಸುವ ಹಾಡು. ಚಾಚಿಯ ದನಿ ಆ ಸಣ್ಣ ಅಂಗಡಿಯಲ್ಲಿ ತುಂಬಿಕೊಂಡಿತು. ಹಿಂದೆ ಬಾಯ್ನಾದ ಸಮುದ್ರ ಕೇಳುತ್ತಿತ್ತು. ಅದು ನಮ್ಮ ಹಿತ್ತಿಲಿನ ಸದ್ದು. ಅಲ್ಲಿದ್ದಾಗ ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

ಎರಡನೆಯ ಹಾಡಿನ ನಡುವೆ ಕರೆಂಟು ಹೋಯಿತು. ಕಂಪ್ಯೂಟರು ಆರಿತು, ಪ್ಲೇಯರೂ ಆರಿತು. ಚಾಚಾ ಕತ್ತಲಲ್ಲಿ, "ಹೋತೇನು?" ಎಂದರು.

"ಇಲ್ರಿ, ಕರೆಂಟ್ ಹೋಗೈತಿ ಅಷ್ಟ. ಮತ್ತ ಮೊದಲಿಂದ ಮಾಡೂಣು."

"ಅದರಾಗಿಂದು ಇರ್ತೈತಲ್ಲ?"

"ಇರ್ತೈತ್ರಿ ಚಾಚಾ."

ಹೇಳಿದೆನೇ ಹೊರತು ನನಗೂ ಧೈರ್ಯವಿರಲಿಲ್ಲ. ಅರ್ಧ ತೆರೆದ ಶಟರಿನ ಕೆಳಗಿನಿಂದ ಮಳೆಯ ನೀರು ಹರಿದು ಬರುತ್ತಿತ್ತು. ಕಾಯುತ್ತ ಕೂತಾಗ ಚಾಚಾ ಮಾತಾಡಿದರು. ಅದರಲ್ಲಿದ್ದ ಆರು ಹಾಡಿನಲ್ಲಿ ತಾವು ಇಷ್ಟು ದಿನ ಕೇಳಿದ್ದು ಮೊದಲನೆಯದನ್ನು ಮಾತ್ರ ಎಂದರು. "ಅದು ಮುಗೀತಂದ್ರ ಮತ್ತ ಮೊದಲಿಂದ ಹಚ್ತೇನಿ. ಮುಂದಿಂದು ಕೇಳಿಲ್ಲ. ಎಲ್ಲಾ ಕೇಳಿ ಮುಗಸಿದ್ರ ಆಕಿ ಹೊಸಾದೇನೂ ಹೇಳೂದಿಲ್ಲಲ್ಲ ಆಮ್ಯಾಲೆ."

ಹಾಗಾದರೆ ಹೊರಗೆ ಕೂತಿರಿ, ನಾನು ಒಬ್ಬಳೇ ಮಾಡುತ್ತೇನೆ ಎಂದೆ. ಅವರು ಬೇಡ ಎಂದರು. "ಮಗಳ ಮದುವಿ ಹಾಡು ಅದಾವು ಅದರಾಗ. ಅವನ್ನ ಕೇಳಬೇಕು ನಾನು."

ಕರೆಂಟು ಬಂತು. ಪ್ಲೇಯರಿನ ಪರದೆ ಬಹಳ ಹೊತ್ತು ಬೆಳಗಲಿಲ್ಲ. ಆಮೇಲೆ ಬೆಳಗಿತು. ಮೊದಲಿನಿಂದ ಶುರು ಮಾಡಿದೆವು. ಬೀಸುವ ಹಾಡು, ತೊಟ್ಟಿಲ ಹಾಡು, ಮೊಹರಮ್ಮಿನದು, ಎರಡು ಅರಿಶಿನದ ಹಾಡು. ಹಾಡುಗಳ ನಡುವೆ ಮಾತೂ ಇದ್ದವು. ಮಗನಿಗೆ, ಹತ್ತಿರ ಹಿಡಿಯಬೇಡ ಎಂದು ಚಾಚಿ ಗದರುವುದು, ಯಾರೋ ನೀರು ಕೇಳುವುದು. ಚಾಚಾ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಮೊಹರಮ್ಮಿನ ಹಾಡು ನಡೆಯುವಾಗ ಅವರ ಭುಜ ಒಂದು ಸಲ ಅಲುಗಿತು. ನಾನು ಪರದೆಯ ಕಡೆಗೇ ಮುಖ ಇಟ್ಟುಕೊಂಡೆ.

ಕೊನೆಯದು ಹೆಣ್ಣು ಒಪ್ಪಿಸಿ ಕೊಡುವಾಗಿನ ಹಾಡು. ಚಾಚಿ ಒಂದು ಸಾಲು ಹೇಳುತ್ತಾರೆ, ಇನ್ನೊಬ್ಬ ಹೆಂಗಸು ಅದನ್ನು ತಿರುಗಿ ಹೇಳುತ್ತಾಳೆ. ಆ ಎರಡನೆಯ ದನಿ ಯಾರದೆಂದು ತಿಳಿಯಲು ನನಗೆ ಎರಡು ನುಡಿ ಬೇಕಾಯಿತು. ಅದು ನನ್ನ ಅವ್ವ. ಅವ್ವ ಹಾಡುತ್ತಿದ್ದಳೆಂಬುದೇ ನನಗೆ ಮರೆತುಹೋಗಿತ್ತು. ಮಂಗೋರ್ ಹಿಲ್‌ಗೆ ಬಂದ ಮೇಲೆ ಅವಳು ಬಾಯಿ ತೆರೆದು ಒಂದು ಹಾಡು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಚಾಚಾ ತಲೆ ಎತ್ತಿ ನನ್ನನ್ನು ನೋಡಿದರು. "ನಿಮ್ಮವ್ವ" ಎಂದರು.

ಹಾಡು ನಡುವೆಯೇ ನಿಂತಿತು. ನಾನು ಮತ್ತೆ ಕರೆಂಟು ಹೋಯಿತೆಂದುಕೊಂಡೆ. ಹೋಗಿರಲಿಲ್ಲ. ಹಿಂದಕ್ಕೆ ಹಾಕಿ ನೋಡಿದರೂ ಅಲ್ಲಿಗೇ ನಿಲ್ಲುತ್ತಿತ್ತು. ಕ್ಯಾಸೆಟ್ಟಿನ ಆ ಬದಿ ಅಲ್ಲಿಗೆ ಮುಗಿದಿತ್ತು, ಅಷ್ಟೇ.

ರೆಕಾರ್ಡ್ ಆದದ್ದನ್ನು ಒಂದು ಚೀನಾ ಪ್ಲೇಯರಿಗೆ ಹಾಕಿ ಮನೆಗೆ ಒಯ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈ ಎಂದು ಬೇಡ ಅಂದಳು. ನಾನೇ ಅವಳ ಕಿವಿಗೆ ಸಿಕ್ಕಿಸಿದೆ. ತವೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದು ನಾನೇ ಅದನ್ನು ಇಳಿಸಿದೆ. ಅವಳು ಗೋಡೆಗೆ ಒರಗಿ ಕೂತು ಕಡೆಯ ತನಕ ಕೇಳಿದಳು.

"ಇನ್ನೂ ಐತಿದು" ಎಂದಳು ಕಿವಿಯಿಂದ ವೈರು ತೆಗೆದು. "ಪೂರಾ ಹಾಡಿದ್ಲಾಕಿ. ಅಂವಾ ಹುಡುಗ ಕ್ಯಾಸೆಟ್ ಮುಗೀತು ಅಂದ. ಮುಗದ್ರ ಮುಗೀಲಿ ಅಂತ ಹಾಡಿದ್ಲು."

"ನಿನಗ ಬರ್ತೈತೇನು ಅದು?"

ಅವ್ವ ಎದ್ದು ಮತ್ತೆ ಒಲೆಯ ಮುಂದೆ ಕೂತಳು. ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು.

ಹಳದಿಯ ದಿನ ಮೆಟ್ಟಿಲಸಾಲಿನ ಕೆಳಗೆ ಸ್ವಲ್ಪ ಸಪಾಟು ಜಾಗವಿದ್ದಲ್ಲಿ ಮಳೆಗೆ ತಾಡಪತ್ರಿ ಕಟ್ಟಿದರು. ಬಾಯ್ನಾದಿಂದ ಚದುರಿಹೋಗಿದ್ದ ಹೆಂಗಸರು ಸುಮಾರು ಜನ ಬಂದಿದ್ದರು. ಮಗಳನ್ನು ಹಲಗೆಯ ಮೇಲೆ ಕೂರಿಸಿ ಹಳದಿ ಹಚ್ಚತೊಡಗಿದಾಗ ನಾನು ಸ್ಪೀಕರಿಗೆ ಚೀನಾ ಪ್ಲೇಯರು ಸಿಕ್ಕಿಸಿ ಹಾಡು ಹಚ್ಚಿದೆ. ಚಾಚಿಯ ದನಿ ಕೇಳಿದ ಕೂಡಲೆ ಮಾತುಗಳೆಲ್ಲ ನಿಂತವು. ಒಬ್ಬಿಬ್ಬರು ಹಿರಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೆಲವರು ಸಣ್ಣಗೆ ದನಿ ಕೂಡಿಸಿದರು. ಚಾಚಾ ಗಂಡಸರ ಜೊತೆ ಹೊರಗೆ ನಿಂತಿದ್ದರು, ತಾಡಪತ್ರಿಯ ಹಗ್ಗ ಹಿಡಿದುಕೊಂಡು.

ಕಡೆಯ ಹಾಡನ್ನು ಹಾಕಬೇಕೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ನಡುವೆ ನಿಲ್ಲುವ ಹಾಡು ಮದುವೆಯ ಮನೆಯಲ್ಲಿ ಚೆನ್ನಾಗಿರುವುದಿಲ್ಲ. ಚಾಚಾನ ಮಗಳು ನನ್ನ ಕಡೆ ನೋಡಿ, ಹಾಕು ಎಂದು ಕಣ್ಣಲ್ಲೇ ಹೇಳಿದಳು. ಹಾಕಿದೆ. ಚಾಚಿ ಹೇಳಿದರು, ಅವ್ವ ತಿರುಗಿ ಹೇಳಿದಳು, ಚಾಚಿ ಹೇಳಿದರು. ಆ ಜಾಗ ಬಂತು. ದನಿ ತಟ್ಟನೆ ಕಡಿದು ಸ್ಪೀಕರಿನಿಂದ ಬರೀ ಗುಂಯ್‌ಗುಡುವ ಸದ್ದು ಉಳಿಯಿತು. ಯಾರೋ, "ಕೆಟ್ತೇನು?" ಎಂದರು.

ಹೆಂಗಸರ ಹಿಂದಿನ ಸಾಲಿನಿಂದ ಅವ್ವ ಎತ್ತಿಕೊಂಡಳು. ನಡುವೆ ಒಮ್ಮೆ ಕೆಮ್ಮಿ ಮತ್ತೆ ಎತ್ತಿಕೊಂಡಳು. ಚಾಚಿ ಹೇಳಬೇಕಿದ್ದ ಸಾಲನ್ನೂ ಅವಳೇ ಹೇಳಿ, ತಿರುಗಿ ಹೇಳುವುದನ್ನೂ ಅವಳೇ ಹೇಳಿದಳು. ಎರಡನೆಯ ನುಡಿಗೆ ಬಾಯ್ನಾದ ಹೆಂಗಸರು ಹಿಮ್ಮೇಳಕ್ಕೆ ಬಂದರು. ಆ ಹಾಡಿನ ಉಳಿದ ಭಾಗವನ್ನು ನಾನು ಆವತ್ತೇ ಮೊದಲು ಕೇಳಿದ್ದು. ಮಗಳು ಮುಖದ ತುಂಬ ಹಳದಿಯಿದ್ದಂತೆಯೇ ತಿರುಗಿ ಅವ್ವನನ್ನು ನೋಡುತ್ತ ಕೂತಳು. ಹಾಡು ಮುಗಿದ ಮೇಲೆ ಚಾಚಾ ಒಳಗೆ ಬಂದು, ಹೆಂಗಸರ ನಡುವೆ ಬರಬಾರದಿತ್ತೆಂದು ನೆನಪಾಗಿ, ಅಲ್ಲೇ ನಿಂತು, "ಚಲೋ ಆತು ತಂಗಿ" ಎಂದು ಅವ್ವನಿಗೆ ಹೇಳಿ ಹೊರಗೆ ಹೋದರು.

ಬಿಳಿ ಪ್ಲೇಯರು ಆ ಮಳೆಗಾಲ ಕಳೆಯುವಷ್ಟರಲ್ಲಿ ಪೂರ್ತಿ ನಿಂತಿತು. ಚಾರ್ಜರಿಗೆ ಹಾಕಿದರೂ ಪರದೆ ಬೆಳಗಲಿಲ್ಲ. ಚಾಚಾ ಅದನ್ನು ಲಾರಿಯಲ್ಲಿ ಕಾಗದಪತ್ರ ಇಡುವ ಡಬ್ಬಿಯಲ್ಲಿ ಇಟ್ಟುಕೊಂಡರು. ಮಗಳು ಗದಗಿಗೆ ಒಯ್ದ ಚೀನಾ ಪ್ಲೇಯರೂ ಒಂದು ವರ್ಷ ಬಾಳಲಿಲ್ಲ. ಆದರೆ ಅದು ಕೆಡುವ ಮೊದಲು ಅವಳ ನಾದಿನಿಯ ಮೊಬೈಲಿಗೆ, ಅಲ್ಲಿಂದ ಓಣಿಯ ಇನ್ಯಾರದೋ ಮೊಬೈಲಿಗೆ ಹಾಡುಗಳು ಹೋಗಿದ್ದವು. ಗದಗಿನಲ್ಲಿ ಯಾರದೋ ಮದುವೆಯಲ್ಲಿ ತನ್ನ ತಾಯಿಯ ದನಿ ಕೇಳಿ ಬಂದೆ ಎಂದು ಅವಳು ಒಂದು ಸಲ ಫೋನಿನಲ್ಲಿ ಹೇಳಿದಳು. ಅವರಿಗೆ ಅದು ಯಾರೆಂದೇ ಗೊತ್ತಿರಲಿಲ್ಲವಂತೆ. ಅವಳೂ ಹೇಳಲಿಲ್ಲವಂತೆ.

ಹೊಸ ಮೊಬೈಲುಗಳು ಬಂದ ಮೇಲೆ ಪ್ಲೇಯರು ತರುವವರು ಕಡಿಮೆಯಾದರು. ನಮ್ಮ ಅಂಗಡಿ ರೀಚಾರ್ಜಿನದಾಯಿತು. ೨೦೧೨ರಲ್ಲಿ ಗೋವಾದ ಗಣಿಗಳು ನಿಂತಾಗ ಅದಿರಿನ ಲಾರಿಗಳೆಲ್ಲ ರಸ್ತೆಯ ಬದಿಗೆ ಸಾಲುಗಟ್ಟಿ ನಿಂತವು. ಕೆಲವು ತಿಂಗಳು ಕಾದು ನೋಡಿ ಚಾಚಾ ಊರಿಗೆ ಹೋಗುವುದೆಂದು ನಿರ್ಧರಿಸಿದರು. ಹೋಗುವ ಮೊದಲು ಒಂದು ಸಾಧಾರಣ ಮೊಬೈಲು ಕೊಂಡು ಅಂಗಡಿಗೆ ಬಂದರು. ಆವತ್ತೂ ಇಸ್ತ್ರಿಯ ಅಂಗಿ ಹಾಕಿದ್ದರು, ಕೈಯಲ್ಲಿ ಒಂದು ಚೀಲದಲ್ಲಿ ನೀರಿನ ಬಾಟಲಿ, ಬಿಸ್ಕಿಟಿನ ಪೊಟ್ಟಣ ಇತ್ತು. ಆ ಭಾನುವಾರದಂತೆ ಮಧ್ಯಾಹ್ನವೆಲ್ಲ ಕೂರಬೇಕಾದೀತೆಂದು ಬಂದಿದ್ದರು.

ನಾನು ಮೊಬೈಲನ್ನು ಕಂಪ್ಯೂಟರಿಗೆ ಚುಚ್ಚಿ ಅದರಲ್ಲಿ ಉಳಿಸಿಟ್ಟಿದ್ದ ಚಾಚಿಯ ಹಾಡುಗಳನ್ನು ಎಳೆದು ಹಾಕಿದೆ. ಅದು ಏನನ್ನೂ ಕೇಳಲಿಲ್ಲ, ಒಂದು ನಿಮಿಷವೂ ಹಿಡಿಯಲಿಲ್ಲ.

"ಆತ್ರಿ ಚಾಚಾ" ಎಂದು ಕೊಟ್ಟೆ.

"ಎಲ್ಲಾ ಬಂದುವೇನು?"

"ಎಲ್ಲಾ ಬಂದಾವ್ರಿ."

ಅವರು ಮೊಬೈಲನ್ನು ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ಕೂತ ಸ್ಟೂಲಿನಿಂದ ಏಳಲಿಲ್ಲ. ನಾನು ಎರಡು ಚಹಾ ತರಿಸಿದೆ. ಚಾಚಾ ಬಿಸ್ಕಿಟಿನ ಪೊಟ್ಟಣ ಒಡೆದು ನಡುವೆ ಇಟ್ಟರು.